ರಾಮಾಯಿ ಮಾದಿರಿ

ಸಿನಿಮಾ ನೋಡುವುದಕ್ಕಿಂತ ನೋಡಿದ್ದನ್ನು ನಾಲ್ಕು ಜನಕ್ಕೆ ಹೇಳುವುದರಲ್ಲೇ ನಂಜುಂಡನಿಗೆ ಹೆಚ್ಚಿನ ಸುಖ. ಕೊಯಮತ್ತೂರಿನ ಒಂದು ಪಂಪ್ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸ, ಕರುಮತ್ತಂಪಟ್ಟಿಯ ನೇಯ್ಗೆಯವರ ಬೀದಿಯಲ್ಲಿ ಮನೆ. ಬೀದಿಯೊಳಗೆ ಕನ್ನಡ, ಬೀದಿ ದಾಟಿದರೆ ತಮಿಳು. ವಯಸ್ಸು ಇಪ್ಪತ್ತೆಂಟಾದರೂ ಊರಲ್ಲಿ ಅವನನ್ನು ಕೇಳುವವರಿರಲಿಲ್ಲ. ಸ್ವಂತ ಮಗ್ಗವಿಲ್ಲ, ಹೆಂಡತಿಯಿಲ್ಲ, ಜಗಳ ಬಿಡಿಸುವ ಗತ್ತೂ ಇಲ್ಲ. ಸಾಮಿಯಾತಾಳ್ ಮಗ ಎಂದರೆ ಮಾತ್ರ ಜನಕ್ಕೆ ಗುರುತು ಸಿಗುತ್ತಿತ್ತು.

ಅಂಥವನ ನಸೀಬು ತೆರೆದದ್ದು ವ್ಯಾಸರಾಯರ ಫಿಲ್ಮ್ ಸೊಸೈಟಿಯಿಂದ. ವ್ಯಾಸರಾಯರು ಕೊಯಮತ್ತೂರಿನ ನಿವೃತ್ತ ಪ್ರೊಫೆಸರು, ಮನೆಯಲ್ಲಿ ಕನ್ನಡ ಆಡುವವರೇ. ಒಂದು ಕಾಲೇಜಿನ ಹಾಲ್ ಹಿಡಿದು ಆಗಾಗ ಭಾನುವಾರ ಸಂಜೆ ಹಳೆಯ ಸಿನಿಮಾ ತೋರಿಸುತ್ತಿದ್ದರು. ಆ ವರ್ಷ ಅವರ ತಲೆಗೆ ಹತ್ತಿದ್ದು ನಲವತ್ತರ ದಶಕದ ಅಮೆರಿಕದ ಕಪ್ಪು-ಬಿಳುಪು ಅಪರಾಧದ ಚಿತ್ರಗಳು. ಅವಕ್ಕೆ ಫಿಲ್ಮ್ ನ್ವಾರ್ ಅನ್ನುತ್ತಾರೆ, ಫ್ರೆಂಚ್ ಮಾತು, ಕಪ್ಪು ಚಿತ್ರ ಎಂದರ್ಥ ಎಂದು ಮೊದಲ ದಿನವೇ ವಿವರಿಸಿದರು. ಮಳೆಯಲ್ಲಿ ನೆನೆದ ಬೀದಿ, ಟೋಪಿ ಕೆಳಗೆಳೆದುಕೊಂಡ ಗಂಡಸರು, ಕಿಟಕಿಯ ಪಟ್ಟಿಗಳ ನೆರಳು ಬಿದ್ದ ಹೆಂಗಸಿನ ಮುಖ. ನಂಜುಂಡನ್ ಬಾಯಿ ಬಿಟ್ಟುಕೊಂಡು ನೋಡಿದ. ಹೀರೋ ಎಂಬುವನೇ ತಪ್ಪು ಮಾಡಬಹುದು, ಸೋಲಬಹುದು ಎಂಬುದು ಅವನಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಒಂದೇ ತೊಡಕು. ಕರುಮತ್ತಂಪಟ್ಟಿಯಲ್ಲಿ ನಿಲ್ಲುವ ಕಡೆಯ ಟೌನ್ ಬಸ್ಸು ರಾತ್ರಿ ಎಂಟಕ್ಕೆ ಹೊರಡುತ್ತಿತ್ತು. ಅದು ತಪ್ಪಿದರೆ ಎಕ್ಸ್‌ಪ್ರೆಸ್ ಬಸ್ಸುಗಳು ಕೈ ತೋರಿಸಿದರೂ ನಿಲ್ಲುತ್ತಿರಲಿಲ್ಲ. ಹಾಗಾಗಿ ಪ್ರತಿ ಸಲವೂ ಕಡೆಯ ರೀಲು ಹಾಕುವ ಹೊತ್ತಿಗೆ ಅವನು ಬಗ್ಗಿಕೊಂಡು ಹೊರಗೆ ಜಾರಿಬಿಡುತ್ತಿದ್ದ. ಸಿನಿಮಾ ಮುಗಿದ ಮೇಲೆ ವ್ಯಾಸರಾಯರು ನಡೆಸುವ ಚರ್ಚೆಯನ್ನಂತೂ ಅವನು ಒಮ್ಮೆಯೂ ಕೇಳಿರಲಿಲ್ಲ. ಮುಕ್ತಾಯವನ್ನು ಬಸ್ಸಿನಲ್ಲಿ ಕೂತು ತಾನೇ ಕಟ್ಟುತ್ತಿದ್ದ.

ಮರುದಿನ ಸಂಜೆ ತಂಗವೇಲುವಿನ ಚಹಾ ಅಂಗಡಿಯ ಬೆಂಚಿನ ಮೇಲೆ ಅವನ ದರ್ಬಾರು. ಮಗ್ಗದ ಪಾಳಿ ಬಿಟ್ಟು ಬಂದವರು ಕಿವಿಗೆ ಸಿಕ್ಕಿದ ಹತ್ತಿ ಕೊಡವಿಕೊಂಡು ಕಥೆಗೆ ಕೂರುತ್ತಿದ್ದರು. ಆದರೆ ಇಂಗ್ಲಿಷ್ ಹೆಸರುಗಳು ಅವರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಯಾರು ಯಾರನ್ನು ಹೊಡೆದ, ಯಾವಳು ಯಾರ ಹೆಂಡತಿ ಎಂದು ಪದೇ ಪದೇ ಅಡ್ಡ ಬಾಯಿ ಹಾಕುತ್ತಿದ್ದರು. ನಂಜುಂಡನ್ ಅದಕ್ಕೊಂದು ಉಪಾಯ ಹೂಡಿದ. ಆ ಬೀದಿಯವರು ತಮಿಳಿನಿಂದ ತಂದು ಮನೆಮಾತು ಮಾಡಿಕೊಂಡ ಒಂದು ಪದವಿದೆ: ಮಾದಿರಿ. ಥರ, ಹಾಗೆ ಎಂದು ಅರ್ಥ. ಪೊಲೀಸಿನವನು ನಮ್ಮ ಕುಪ್ಪುಸಾಮಿ ಮಾದಿರಿ, ದಪ್ಪ ಮೀಸೆ. ಗಿರವಿ ಅಂಗಡಿಯವನು ಅಯ್ಯಾಸಾಮಿ ಮಾದಿರಿ, ಸೋಡಾಬುಡ್ಡಿ ಕನ್ನಡಕ. ಕೇಳುವವರಿಗೆ ತಕ್ಷಣ ಕಣ್ಣಿಗೆ ಕಟ್ಟುತ್ತಿತ್ತು. ಬೆಂಚಿನಲ್ಲಿ ಅವನಿಗೆಂದೇ ಜಾಗ ಬಿಡತೊಡಗಿದರು. ನಂಜುಂಡನ್ ಉಬ್ಬಿಹೋದ.

ಒಂದು ಭಾನುವಾರ ನೋಡಿದ ಚಿತ್ರದಲ್ಲಿ ವಯಸ್ಸಾದ ಗಂಡ ಹೊಟ್ಟೆನೋವಿನಿಂದ ನರಳಿ ನರಳಿ ಸಾಯುತ್ತಾನೆ. ಹೆಂಡತಿ ದಿನಾ ಅವನಿಗೆ ಬಿಸಿ ಹಾಲು ತಂದು ಕೊಡುತ್ತಾಳೆ. ಸತ್ತಾಗ ಒಂದು ಹನಿ ಕಣ್ಣೀರು ಹಾಕುವುದಿಲ್ಲ. ವಿಮೆ ಕಂಪನಿಯ ಪತ್ತೇದಾರನಿಗೆ ಅವಳ ಮೇಲೆ ಅನುಮಾನ. ಅವನು ಅವಳ ಬೆನ್ನು ಬಿದ್ದು, ಬಾಗಿಲ ಸಂದಿಯಲ್ಲಿ ನಿಂತು, ಕಪ್ಪು ಕೈಚೀಲ ಹಿಡಿದು ನೆಟ್ಟಗೆ ನಡೆದುಹೋಗುವ ಅವಳನ್ನು ನೋಡುತ್ತಿರುತ್ತಾನೆ. ಅಷ್ಟರಲ್ಲಿ ಎಂಟು ಗಂಟೆಯ ಬಸ್ಸಿನ ಹೊತ್ತಾಯಿತು.

ಆ ಹೆಂಗಸು ಯಾರ ಮಾದಿರಿ ಎಂದು ಮರುದಿನ ತಂಗವೇಲು ಕೇಳಿದಾಗ ನಂಜುಂಡನ್ ತಡವರಿಸಲೇ ಇಲ್ಲ. ಅವನ ಮನೆಯ ಎದುರು ಸಾಲಿನಲ್ಲೇ ರಾಮಾಯಿಯ ಮನೆ. ಗಂಡ ಅಂಗಪ್ಪನ್ ಹೊಟ್ಟೆಯ ಹುಣ್ಣಿನಿಂದ ತೀರಿಕೊಂಡ ಮೇಲೆ ಮನೆಯ ಜಗಲಿಯಲ್ಲೇ ಇಡ್ಲಿ ಮಾಡಿ ಮಾರುತ್ತಿದ್ದ ಹೆಂಗಸು. ಎತ್ತರದ ಆಳು, ಯಾರ ಮುಂದೆಯೂ ಕುಗ್ಗದ ನಡಿಗೆ. ಗಂಡನ ಹೆಣದ ಮುಂದೆ ಅವಳು ಅಳಲಿಲ್ಲವೆಂದು ಆಗಲೇ ಬೀದಿಯವರು ಮೂಗು ಮುರಿದಿದ್ದರು.

"ನಮ್ಮ ರಾಮಾಯಿ ಮಾದಿರಿ" ಅಂದ ನಂಜುಂಡನ್.

ಬೆಂಚಿಗೆ ಬೆಂಚೇ ನಕ್ಕಿತು. ಆ ನಗೆ ಅವನಿಗೆ ಅಮಲೇರಿಸಿತು. ಅವಳು ಸೆರಗು ಬಿಗಿದುಕೊಳ್ಳುವ ರೀತಿ, ತಟ್ಟೆ ಇಡುವಾಗ ಮುಖ ನೋಡದೆ ಇಡುವ ರೀತಿ, ಎಲ್ಲವನ್ನೂ ಅಮೆರಿಕದ ಆ ಹೆಂಗಸಿಗೆ ತೊಡಿಸಿದ. ಹೇಳುತ್ತ ಹೇಳುತ್ತ ಮಾದಿರಿ ಎಂಬ ಪದ ಎಲ್ಲೋ ಉದುರಿಹೋಯಿತು. ರಾಮಾಯಿ ಹಾಲು ಕಾಸಿದಳು, ರಾಮಾಯಿ ಬಾಗಿಲು ಮುಚ್ಚಿದಳು. ಕೊನೆಗೆ ತಾನು ನೋಡದ ರೀಲಿನಲ್ಲಿ ರಾಮಾಯಿ ಹಾಲಿಗೆ ಬಿಳಿ ಪುಡಿ ಕಲಸುವಾಗ ಸಿಕ್ಕಿಬಿದ್ದಳು. ಇನ್ನು ಮೇಲೆ ಚಟ್ನಿ ನೋಡಿ ಹಾಕಿಸ್ಕೊಳ್ಳಪ್ಪಾ ಎಂದು ಯಾರೋ ಗೇಲಿ ಮಾಡಿದರು. ನಂಜುಂಡನೂ ಎಲ್ಲರ ಜತೆ ನಕ್ಕ.

ಗೇಲಿ ಅಲ್ಲಿಗೆ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅಂಗಡಿಯಿಂದ ಮಗ್ಗದ ಶೆಡ್ಡಿಗೆ, ಶೆಡ್ಡಿನಿಂದ ನಲ್ಲಿಕಟ್ಟೆಗೆ ಮಾತು ಹೋಯಿತು. ನಲ್ಲಿಕಟ್ಟೆ ಮುಟ್ಟುವಷ್ಟರಲ್ಲಿ ಅಮೆರಿಕವೂ ಇರಲಿಲ್ಲ, ಸಿನಿಮಾವೂ ಇರಲಿಲ್ಲ. ಅಂಗಪ್ಪನ್ ಹೊಟ್ಟೆನೋವಿನಿಂದ ಸತ್ತದ್ದು ಹೌದಲ್ಲ, ಅವಳು ಅಳದಿದ್ದದ್ದೂ ಹೌದಲ್ಲ ಎಂಬಷ್ಟೇ ಉಳಿದಿತ್ತು. ಮುಂಜಾನೆ ಪಾಳಿ ಬಿಟ್ಟವರು ಇಡ್ಲಿಗೆ ಬೀದಿ ತಿರುವಿನ ಬೇರೆ ಅಂಗಡಿಗೆ ಹೋಗತೊಡಗಿದರು. ಒಂದು ದಿನ ರಾಮಾಯಿ ಮಿಕ್ಕ ಇಡ್ಲಿಯನ್ನು ಪಾತ್ರೆಯಲ್ಲಿ ತಂದು ಹಸುವಿಗೆ ಹಾಕಿ ಎಂದು ನಂಜುಂಡನ ಮನೆಯಲ್ಲಿ ಕೊಟ್ಟು ಹೋದಳು. ಅವಳ ಬೆನ್ನು ಮರೆಯಾದ ಮೇಲೆ ಅವನ ತಾಯಿ ಸಾಮಿಯಾತಾಳ್ ಪಾತ್ರೆಯನ್ನು ಹಿತ್ತಲಿಗೆ ಒಯ್ದು ತಿಪ್ಪೆಗೆ ಸುರಿದು ಬಂದಳು. ಹಸುವಿಗೂ ಕೊಡಲಿಲ್ಲ.

ನಂಜುಂಡನ್ ಅದನ್ನು ಕಣ್ಣಾರೆ ನೋಡಿದ. ತಾನು ಹೇಳಿದ್ದು ಮಾದಿರಿ ಎಂದು ತಾನೇ, ಜನ ತಪ್ಪು ತಿಳಿದರೆ ತಾನೇನು ಮಾಡಲಿ ಎಂದು ಒಳಗೊಳಗೇ ವಾದ ಹೂಡಿದ. ನಿಜ ಹೇಳಿದರೆ ಬೆಂಚಿನ ಜಾಗ ಹೋಗುತ್ತದೆಂಬ ಭಯ ಆ ವಾದದ ಹಿಂದೆ ಕೂತಿತ್ತು. ಕೆಲಸಕ್ಕೆ ಹೋಗುವಾಗ ಅವಳ ಜಗಲಿಯ ಮುಂದೆ ಹಾಯದೆ ಸುತ್ತು ಹಾದಿ ಹಿಡಿದ.

ಮಳೆಗಾಲ ಮುಗಿಯುವ ಹೊತ್ತಿಗೆ ಸೊಸೈಟಿಗೆ ಬರಬೇಕಿದ್ದ ಹೊಸ ಪ್ರಿಂಟ್ ಬರಲಿಲ್ಲ. ಬದಲಿಗೆ ಗಂಡನಿಗೆ ಹಾಲು ಕೊಡುವ ಆ ಹೆಂಗಸಿನ ಚಿತ್ರವನ್ನೇ ಮತ್ತೆ ಕಳಿಸಿದ್ದರು. ಸಂಜೆ ಹಾಲ್ ಬೇರೆಯವರಿಗೆ ಕೊಟ್ಟಿದ್ದರಿಂದ ಆಟ ಬೆಳಿಗ್ಗೆಯೇ ನಡೆಯಿತು. ಬಸ್ಸಿನ ಅವಸರವಿಲ್ಲದೆ ನಂಜುಂಡನ್ ಮೊದಲ ಸಲ ಕಡೆಯ ರೀಲು ನೋಡಿದ.

ಅವಳು ಕೊಟ್ಟ ಹಾಲಿನಲ್ಲಿ ಏನೂ ಇರಲಿಲ್ಲ. ಗಂಡ ಸತ್ತದ್ದು ಕಾಯಿಲೆಯಿಂದ, ಬರೀ ಕಾಯಿಲೆಯಿಂದ. ಡಾಕ್ಟರು ಬಂದು ಹೇಳುವಷ್ಟರಲ್ಲಿ ಆ ಊರು ಹೆಂಗಸಿನ ಜತೆ ಮಾತು ಬಿಟ್ಟಿತ್ತು. ಅವಳು ಅದೇ ಕೈಚೀಲ ಹಿಡಿದು ರೈಲು ಹತ್ತಿ ಹೋಗುತ್ತಾಳೆ. ಪತ್ತೇದಾರ ಪ್ಲಾಟ್‌ಫಾರ್ಮಿನಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿರುತ್ತಾನೆ.

ದೀಪ ಹತ್ತಿತು. ಚರ್ಚೆ ಶುರುವಾಯಿತು. ಅವಳೇ ಕೊಂದಳೆಂದು ಯಾರಿಗೆಲ್ಲ ಅನ್ನಿಸಿತ್ತು, ಕೈ ಎತ್ತಿ ಎಂದರು ವ್ಯಾಸರಾಯರು. ಹೆಚ್ಚುಕಡಿಮೆ ಎಲ್ಲ ಕೈಗಳೂ ಎದ್ದವು. ಯಾಕೆ ಅನ್ನಿಸಿತು ಎಂದು ಕೇಳಿದರೆ ಒಬ್ಬ ಹುಡುಗಿ, ಅವಳು ಅಳಲಿಲ್ಲವಲ್ಲ ಸಾರ್ ಅಂದಳು. ವ್ಯಾಸರಾಯರು ಕನ್ನಡಕ ತೆಗೆದು ಒರೆಸಿಕೊಂಡರು. ಇಡೀ ಚಿತ್ರದಲ್ಲಿ ಅವಳನ್ನು ನಾವು ನೋಡಿದ್ದೆಲ್ಲ ಅನುಮಾನಪಡುವ ಪತ್ತೇದಾರನ ಕಣ್ಣಿಂದ, ಅವಳ ಮುಖದ ಮೇಲಿನ ಕಪ್ಪು ನೆರಳನ್ನು ಹಾಕಿದವನು ದೀಪ ಜೋಡಿಸಿದವನು, ಈ ಬಗೆಯ ಚಿತ್ರಗಳ ಕಸುಬೇ ಅದು ಎಂದು ತಿಳಿಹೇಳಿದರು. ಎಲ್ಲರೂ ತಲೆದೂಗಿದರು. ಅವರಿಗೆಲ್ಲ ಅದೊಂದು ಒಳ್ಳೆಯ ಮಾತು, ಅಷ್ಟೆ.

ನಂಜುಂಡನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನಂಜು ಉಂಡವನು ಎಂದು ಹೆತ್ತವರು ಹೆಸರಿಟ್ಟಿದ್ದರು. ಇವನು ಉಣ್ಣಲಿಲ್ಲ, ಬೀದಿಗೆಲ್ಲ ಉಣಿಸಿದ. ಹಾಲ್‌ನಿಂದ ಬಸ್ ಸ್ಟ್ಯಾಂಡಿನವರೆಗೆ ನಡೆದೇ ಬಂದ, ಯಾರಾದರೂ ಎದುರಾದರೆ ಮುಖ ತಿರುಗಿಸಿಕೊಂಡ.

ಅಂದು ಸಂಜೆ ತಂಗವೇಲುವಿನ ಅಂಗಡಿಯಲ್ಲಿ ನಿಜವಾದ ಮುಕ್ತಾಯ ಹೇಳಿದ. ಮೊದಲನೆಯದನ್ನು ತಾನೇ ಕಟ್ಟಿದ್ದು, ಪಡದಲ್ಲಿ, ಎಂದರೆ ಸಿನಿಮಾದಲ್ಲಿ, ವಿಷವೇ ಇರಲಿಲ್ಲ ಎಂದು ಆಣೆ ಇಟ್ಟ. ಕೇಳುವವರ ಮುಖ ಸಪ್ಪಗಾಯಿತು. ಒಬ್ಬೊಬ್ಬರೇ ಬೀಡಿ ಹಚ್ಚಲು ಎದ್ದರು. ತಂಗವೇಲು ಗಾಜಿನ ಲೋಟ ತೊಳೆಯುತ್ತ ಒಂದೇ ಮಾತು ಅಂದ.

"ಅವ್ಳ ಮೇಲೆ ಪಾಪ ಅನ್ಸಿ ಕತೆ ಮಾತ್ತಿ ಬೇರೆ ಮಾಡಿಬಿಟ್ಟೆ ನೀನು. ಮೊದ್ಲು ಹೇಳಿದ್ದೇ ನೆಜ."

ಕಥೆಗೆ ಬಾಯಾರಿದವರಂತೆ ಬರುತ್ತಿದ್ದ ಜನ ತಾನು ಉಗಿದ ಸುಳ್ಳನ್ನು ತನಗೇ ತಿರುಗಿಸಿ ನಿಜ ಅನ್ನುತ್ತಿದ್ದರು. ಇನ್ನು ಉಳಿದ ಜಾಗ ಒಂದೇ ಎಂದು ಅವನಿಗೆ ಗೊತ್ತಿತ್ತು. ಮರುದಿನ ಬೆಳಿಗ್ಗೆ ಸುತ್ತು ಹಾದಿ ಬಿಟ್ಟು ನೇರ ರಾಮಾಯಿಯ ಜಗಲಿಗೆ ಹೋದ.

ಇಡ್ಲಿ ಪಾತ್ರೆಯಿಂದ ಹಬೆ ಏಳುತ್ತಿತ್ತು. ತಿನ್ನುವವರು ಯಾರೂ ಇರಲಿಲ್ಲ. ರಾಮಾಯಿ ಅವನನ್ನು ನೋಡಿ ಆಶ್ಚರ್ಯವನ್ನೂ ತೋರಿಸಲಿಲ್ಲ, ಸಿಟ್ಟನ್ನೂ ತೋರಿಸಲಿಲ್ಲ. ಮಣೆ ಸರಿಸಿ ಕೂರಲು ಹೇಳಿದಳು. ಅವನು ಕೂತು, ಬಸ್ಸಿನ ವಿಷಯದಿಂದ ಹಿಡಿದು ಎಲ್ಲವನ್ನೂ ಒಪ್ಪಿಸಿದ. ತಪ್ಪಾಯಿತು ಅಂದ. ಅವಳು ಚಟ್ನಿಗೆ ಒಗ್ಗರಣೆ ಹಾಕುತ್ತ ಕೇಳಿಸಿಕೊಂಡಳು. ಕಥೆ ಯಾರಿಂದ ಹೊರಟಿತು ಎಂದು ಅವಳಿಗೆ ಮೊದಲೇ ಗೊತ್ತಿದ್ದಂತಿತ್ತು.

"ಪಡದಲ್ಲಿ ಆ ಹೆಂಗ್ಸು ಕಡೆಸಿಗೆ ಏನಾದ್ಳು ತಂಬಿ?" ಎಂದು ಕೇಳಿದಳು.

"ಅವ್ಳು ಏನೂ ತಪ್ಪು ಮಾಡಿರ್ಲಿಲ್ಲ ಅಕ್ಕಾ."

"ಅದು ನಂಗೊತ್ತು. ಏನಾದ್ಳು ಅಂದೆ."

ನಂಜುಂಡನ್ ನೆಲ ನೋಡಿದ. "ಊರು ಬಿಟ್ಟು ಹೋದ್ಳು."

ರಾಮಾಯಿ ಬಾಳೆಲೆಯ ತುಂಡಿನ ಮೇಲೆ ಎರಡು ಇಡ್ಲಿ ಇಟ್ಟು, ಚಟ್ನಿ ಹಾಕಿ ಅವನ ಮುಂದಿಟ್ಟಳು. ಅವನಿಗೆ ಕೈ ಎತ್ತಲಾಗಲಿಲ್ಲ. ಇವಳ ಕೈಯ ತುತ್ತು ತಿನ್ನಲು ತನಗೆ ಯಾವ ಮುಖವಿದೆ ಎಂದು ನಾಚಿಕೆಯಿಂದ ಕುಗ್ಗಿ ಕೂತ. ಹಬೆ ಆರುತ್ತಿತ್ತು. ರಾಮಾಯಿ ಅವನ ಸುಮ್ಮನಿರುವ ಕೈಯನ್ನು ನೋಡಿದಳು.

ಆ ಬೀದಿಯಲ್ಲಿ ಅಡುಗೆ ಮಾಡಿದವಳು ಬಡಿಸುವ ಮುಂಚೆ ಉಪ್ಪು ಸಹ ನೋಡುವುದಿಲ್ಲ, ನೋಡಿದರೆ ಅದು ಎಂಜಲು. ಇನ್ನೊಬ್ಬರ ಎಲೆಗೆ ಕೈ ಹಾಕುವುದಂತೂ ಯಾರೂ ಕೇಳರಿಯದ್ದು. ರಾಮಾಯಿ ಬಗ್ಗಿ ಅವನ ಎಲೆಯ ಮೇಲಿದ್ದ ಇಡ್ಲಿಯಿಂದ ಒಂದು ಚೂರು ಮುರಿದಳು, ಚಟ್ನಿಯಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದು ನುಂಗಿದಳು. ಆಮೇಲೆ ಬಾಯಿ ತೆರೆದು, ಒಳಗೆ ಏನೂ ಉಳಿದಿಲ್ಲವೆಂದು ಅವನಿಗೆ ತೋರಿಸಿದಳು.

ನಂಜುಂಡನ್ ಬೇಡ ಅಕ್ಕಾ ಎಂದು ಎರಡೂ ಕೈ ಮುಂದೆ ಮಾಡಿದ. ಅವಳಾಗಲೇ ಬೆರಳು ತೊಳೆದುಕೊಳ್ಳುತ್ತಿದ್ದಳು.

"ಈಗ ತಿನ್ನು ತಂಬಿ," ಅಂದಳು. "ಬರೋ ಒಬ್ಬಿಬ್ರಿಗೂ ಇಂಗೇ ಕೊಡೋದು ನಾನು."