ಅಕ್ಕನ ಸಂಚಿಯಷ್ಟು ಹೊಟ್ಟೆ

ನಮ್ಮ ಕಡೆ ಊಟಕ್ಕೆ ಕೂತವನು ಮೊದಲ ಸಲ "ಸಾಕು" ಅಂದರೆ ಬಡಿಸುವವರು ಅದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಎರಡನೇ ಸಲ ಅಂದರೆ ಅರ್ಧ ಹಾಕುತ್ತಾರೆ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, ಬೆನ್ನು ಬಾಗಿಸಿ, ಮನೆದೇವರ ಆಣೆ ಮಾಡಿ ಮೂರನೇ ಸಲ ಅಂದಾಗ ಮಾತ್ರ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಅಷ್ಟರಲ್ಲಿ ಬೆರಳ ಸಂದಿಯಿಂದ ಒಂದು ಸೌಟು ಸಾರು ಇಳಿದಿರುತ್ತದೆ. ಮೊದಲ ಸಾಕಿಗೇ ಸೌಟು ಹಿಂದೆ ತೆಗೆದ ಮನೆಯನ್ನು ನಾವು ವರ್ಷಗಟ್ಟಲೆ ಆಡಿಕೊಂಡು ನಗುತ್ತೇವೆ.

ಈ ಪದ್ಧತಿಯ ಕೈಯಲ್ಲಿ ನಾನು ಸಾಯಬೇಕಾಗಿತ್ತು. ಹಟ ಹಿಡಿದು ಉಳಿದುಕೊಂಡೆ.

ನಾನು ಗಾದಿಲಿಂಗಪ್ಪ, ಬಸ್ ಕಂಡಕ್ಟರ್. ಬೆಳಿಗ್ಗೆ ಹರಪನಹಳ್ಳಿ ಬಿಟ್ಟರೆ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಸುತ್ತಿ ಸಂಜೆಗೆ ಮತ್ತೆ ಹರಪನಹಳ್ಳಿಗೆ ಬರುವ ಬಸ್ಸು ನನ್ನದು. ಡ್ರೈವರ್ ಹಸನ್ ಸಾಬ್ ನನಗಿಂತ ಹತ್ತು ವರ್ಷ ದೊಡ್ಡವರು. ಆಗ ನನ್ನ ತೂಕ ತೊಂಬತ್ತೆರಡು ಕಿಲೋ. ಬಸ್ಸು ತುಂಬಿದಾಗ ನಾನು ಹಿಂದಿನಿಂದ ಮುಂದಕ್ಕೆ ಬಂದರೆ ಜನ ಉಸಿರು ಬಿಗಿಹಿಡಿದು ದಾರಿ ಬಿಡುತ್ತಿದ್ದರು. ಹೊತ್ತಿಗೆ ಎಂಟು ಜೋಳದ ರೊಟ್ಟಿ ನನ್ನ ಲೆಕ್ಕ. ಮದುವೆ ಮನೆಗಳಲ್ಲಿ ನನ್ನ ಎಲೆಯ ಮುಂದೆ ಬಡಿಸುವವನೊಬ್ಬ ಬೇರೆಯೇ ನಿಂತಿರುತ್ತಿದ್ದ.

ಹೊಟ್ಟೆಯಲ್ಲಿ ಹುಣ್ಣು ಇದ್ದದ್ದು ಎಷ್ಟೋ ವರ್ಷದಿಂದ. ಉರಿ ಎದ್ದಾಗ ಸೋಡಾ ಕುಡಿಯುತ್ತಿದ್ದೆ, ಇಲ್ಲವೇ ಇನ್ನೆರಡು ರೊಟ್ಟಿ ತಿಂದು ಉರಿಯ ಬಾಯಿ ಮುಚ್ಚಿಸುತ್ತಿದ್ದೆ. ಎಂಬತ್ತೆರಡನೇ ಇಸವಿಯ ಬೇಸಿಗೆಯಲ್ಲಿ ಕೂಡ್ಲಿಗಿ ಬಸ್‌ಸ್ಟ್ಯಾಂಡಿನಲ್ಲಿ ರಕ್ತ ಕಾರಿಕೊಂಡೆ. ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು.

"ಹೊಟ್ಟೆಯ ನಾಲ್ಕು ಪಾಲಿನಲ್ಲಿ ಮೂರು ಪಾಲು ತೆಗೆದಿದ್ದೀವಿ" ಎಂದರು ಡಾಕ್ಟರು. "ಇನ್ನು ದಿನಕ್ಕೆ ಆರು ಸಲ, ಸ್ವಲ್ಪ ಸ್ವಲ್ಪ ಊಟ. ಸಿಹಿ ಮುಟ್ಟಬೇಡಿ. ಸಾಕು ಅನ್ನಿಸಿದ ಮೇಲೆ ಒಂದು ತುತ್ತೂ ಕೂಡದು. ಈ ಹೊಲಿಗೆ ಬಿಚ್ಚಿದರೆ ಮತ್ತೆ ಹೊಲಿಯೋಕೆ ಬಟ್ಟೆ ಉಳಿದಿಲ್ಲ."

"ಸಾಕು ಅನ್ನಿಸೋದು ಅಂದ್ರ ಹೆಂಗಿರತೈತ್ರಿ?" ಎಂದು ಕೇಳಿದೆ.

ಡಾಕ್ಟರು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ. ಎಂಟನೇ ರೊಟ್ಟಿ ಮುಗಿದರೆ ಊಟ ಮುಗಿಯಿತು ಎಂಬುದು ಗೊತ್ತಿತ್ತು. ಹೊಟ್ಟೆಯನ್ನು ಕೇಳಿ ಕೈ ತೊಳೆದವನು ನಾನಲ್ಲ. ಮೂವತ್ನಾಲ್ಕು ವರ್ಷ ಉಂಡಿದ್ದೆ, ಒಮ್ಮೆಯೂ ತೃಪ್ತಿ ಅಂದರೇನು ಅಂತ ನೋಡಿರಲಿಲ್ಲ.

ಹೆಂಡತಿ ನಾಗಲಿಂಗಮ್ಮ ಚೊಚ್ಚಲ ಹೆರಿಗೆಗೆಂದು ತವರು ಮಾಗಳಕ್ಕೆ ಹೋಗಿದ್ದಳು. ಹಾಗಾಗಿ ನನ್ನ ಆರೈಕೆಗೆ ತೆಲಿಗಿಯಿಂದ ಅಕ್ಕ ಹುಲುಗಮ್ಮ ಬಂದಳು. ಅಪ್ಪ ಅವ್ವ ತೀರಿಕೊಂಡಾಗ ನನಗೆ ಐದು, ಅವಳಿಗೆ ಹದಿನಾಲ್ಕು. ನನ್ನನ್ನು ಸಾಕಿ, ಓದಿಸಿ, ಕಂಡಕ್ಟರ್ ಮಾಡಿದವಳು ಅವಳೇ. ಸೊಂಟದಲ್ಲಿ ಎಲೆ ಅಡಿಕೆಯ ಸಂಚಿ, ಕೈಯಲ್ಲಿ ಸೌಟು, ಇವೆರಡು ಬಿಟ್ಟು ಅವಳನ್ನು ನೋಡಿದ ನೆನಪು ನನಗಿಲ್ಲ. ಅವಳ ಪ್ರೀತಿಯೆಲ್ಲ ಆ ಸೌಟಿನ ತುದಿಯಲ್ಲೇ ಇತ್ತು.

ಮೂರು ತಿಂಗಳಿಗೆ ನಾನು ಅರವತ್ತೊಂದು ಕಿಲೋಗೆ ಇಳಿದು ಕೆಲಸಕ್ಕೆ ಹಾಜರಾದೆ. "ಯಾರೋ ಗಾದಿಲಿಂಗಪ್ಪನ ಅಂಗಿ ಹಾಕ್ಕೊಂಡು ಬಂದಾರ ನೋಡ್ರಿ" ಎಂದು ನಮ್ಮ ತಾಲ್ಲೂಕಿನ ಅರಸೀಕೆರೆಯ ಮುದುಕಿಯೊಬ್ಬಳು ಬಸ್ಸೆಲ್ಲ ನಗಿಸಿದಳು. ನಾನೂ ನಕ್ಕೆ. ಅಕ್ಕ ಮಾತ್ರ ನಗಲಿಲ್ಲ. ನನ್ನ ಕೊರಳ ಎಲುಬು ಕಂಡಾಗಲೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡು ಒಲೆಯ ಮುಂದೆ ಹೋಗುತ್ತಿದ್ದಳು.

ಕೆಲಸಕ್ಕೆ ಸೇರಿದ ಮೂರನೇ ದಿನ ಡಬ್ಬಿ ತೆರೆದರೆ ಒಳಗೆ ಮಾದಲಿ. ಗೋಧಿ, ಬೆಲ್ಲ, ಗಸಗಸೆ, ಮೇಲೆ ಕೈತುಂಬ ತುಪ್ಪ. ನಮ್ಮಲ್ಲಿ ಸೊರಗಿದವರಿಗೆ ಇದಕ್ಕಿಂತ ದೊಡ್ಡ ಔಷಧ ಇಲ್ಲ. ಸಿಹಿ ಬೇಡ ಅಂದಿದ್ದನ್ನು ಅಕ್ಕ ಕೇಳಿದ್ದಳು. ಬೆಲ್ಲವೂ ಆ ಸಿಹಿಯಲ್ಲೇ ಸೇರುತ್ತದೆ ಅನ್ನುವುದನ್ನು ಅವಳ ಮನಸ್ಸು ಒಪ್ಪಿರಲಿಲ್ಲ. ಡಬ್ಬಿಯಲ್ಲಿ ಉಳಿಸಿಕೊಂಡು ಹೋದರೆ ಆ ದಿನ ಅವಳೂ ಉಣ್ಣುವುದಿಲ್ಲ ಎಂದು ಗೊತ್ತಿದ್ದ ನಾನು ಕೊಟ್ಟೂರು ಸ್ಟ್ಯಾಂಡಿನಲ್ಲಿ ಎಲ್ಲವನ್ನೂ ತಿಂದು ಮುಗಿಸಿದೆ.

ಬಸ್ಸು ಕೊಟ್ಟೂರು ದಾಟಿ ಎರಡು ಮೈಲಿ ಹೋಗಿರಲಿಲ್ಲ. ಮೈಯೆಲ್ಲ ಬೆವರು, ಎದೆ ದಬದಬ, ಕಣ್ಣಿಗೆ ಕತ್ತಲೆ. ಟಿಕೆಟ್ ಹರಿಯುತ್ತಿದ್ದವನು ಮೆಣಸಿನಕಾಯಿ ಚೀಲದ ಮೇಲೆ ಬಿದ್ದೆ. ಹಸನ್ ಸಾಬ್ ಬಸ್ಸು ನಿಲ್ಲಿಸಿ ನನ್ನನ್ನು ಹುಣಸೆ ಮರದ ಕೆಳಗೆ ಮಲಗಿಸಿ ಮುಖಕ್ಕೆ ಗಾಳಿ ಹಾಕಿದರು.

ಸುದ್ದಿ ಡಿಪೋ ಮುಟ್ಟಿತು. ಅಲ್ಲಿನ ಸಾಹೇಬರು ಓಬಳೇಶಪ್ಪನವರು ಕೆಟ್ಟವರಲ್ಲ. "ಇನ್ನೊಂದು ಸಲ ಬಸ್ಸಿನ್ಯಾಗ ಬಿದ್ದಿ ಅಂದ್ರ ನಿನ್ನ ಗೇಟಿಗೆ ಕೂಡಿಸ್ತೀನಿ. ಬಾಗಲ್ದಾಗ ನಿಂತಿದ್ದಾಗ ಬಿದ್ರ ಗತಿ ಏನು?" ಎಂದರು. ಅವರ ಮಾತು ನ್ಯಾಯವಾಗಿತ್ತು. ಆದರೆ ಐದು ಊರಿನ ಜನರ ಜೊತೆ ಜಗಳಾಡುತ್ತ, ನಗುತ್ತ ಬಾಳಿದವನು ಗೇಟಿನಲ್ಲಿ ಕೂತು ಬೇರೆಯವರ ಬಸ್ಸಿಗೆ ಸರಪಳಿ ಬಿಚ್ಚುವುದೆಂದರೆ ನನಗೆ ಸತ್ತಂತೆಯೇ. ಬಸ್ಸು ಬಿಡಬಾರದು, ಅದಕ್ಕಾಗಿ ಸಾಕು ಅನ್ನುವುದನ್ನು ನಾನು ಕಲಿಯಬೇಕು, ಅಕ್ಕನಿಗೂ ಕಲಿಸಬೇಕು ಎಂದು ಅವತ್ತೇ ತೀರ್ಮಾನಿಸಿದೆ.

ಸಂಜೆ ಮನೆಗೆ ಬಂದರೆ ತಟ್ಟೆ ಹಾಕಿಯೇ ಇತ್ತು. ಎರಡು ತುತ್ತು ಉಂಡು ಸಾಕು ಅಂದೆ. ಅಕ್ಕ ಅನ್ನ ಹಾಕಿದಳು. ಮತ್ತೆ ಸಾಕು ಅಂದೆ. ಮತ್ತೆ ಹಾಕಿದಳು. ನಾನು ತಟ್ಟೆ ನೂಕಿದೆ.

"ಬಸ್ಸಿನ್ಯಾಗ ಸತ್ತೇ ಹೋಗ್ತಿದ್ದೆ ಇವತ್ತು. ಸಾಕು ಅಂದ್ರ ನೀ ಯಾಕ ನಂಬಂಗಿಲ್ಲಕ್ಕಾ?"

ಅವಳು ಸೌಟು ಕೆಳಗಿಟ್ಟಳು.

"ಸಾಕು ಅನ್ನೋದು ಎಷ್ಟು ಖರೇ ಅನ್ನೋದು ನನಗ ಗೊತ್ತಿಲ್ಲೇನಪಾ? ಶೇಂಗಾ ಒಡಿಯಾಕ ಹೋಗಿ ಬಂದು ರೊಟ್ಟಿ ಬಡಿತಿದ್ದೆ. ಮೂರು ಆಗೂವು. ಒಂದು ತಿಂದು ನನಗ ಸಾಕು ಅಂತಿದ್ದೆ. ನೀ ಎರಡೂ ತಿಂದು ಮಕ್ಕೊಂತಿದ್ದಿ. ಹನ್ನೊಂದು ವರ್ಷ ಹೇಳೀನಿ ನಾನು ಸಾಕು ಅಂತ. ಒಂದು ದಿನಾನೂ ಖರೇ ಇರಲಿಲ್ಲ."

ಆ ರೊಟ್ಟಿಗಳು ನನಗೆ ನೆನಪಿದ್ದವು. ಅಕ್ಕನಿಗೆ ಹಸಿವು ಕಡಿಮೆ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಹೊಟ್ಟೆಯ ಉರಿಗಿಂತ ಹೆಚ್ಚು ಉರಿ ಆಗ ಎದೆಯಲ್ಲಿ ಎದ್ದಿತು.

"ಸಣ್ಣಾವ ಇದ್ದಿ, ನಿಂದೇನು ತಪ್ಪಿಲ್ಲ" ಎಂದು ಅವಳೇ ಸಮಾಧಾನ ಹೇಳಿದಳು. "ಆದ್ರ ನೀ ಸಾಕು ಅಂದಾಗ ನನಗ ನಂದೇ ದನಿ ಕೇಳತೈತಿ. ಹೆಂಗ ನಂಬಲಿ?"

ಇಂಥ ಮಾತಿಗೆ ಡಾಕ್ಟರ ಚೀಟಿ ತೋರಿಸಿ ಉಪಯೋಗವಿಲ್ಲ. ಗೂಟಕ್ಕೆ ನೇತುಹಾಕಿದ್ದ ನನ್ನ ಚರ್ಮದ ಚೀಲ ತಂದು ಅವಳ ಮುಂದಿಟ್ಟೆ.

"ಮೊದಲು ಹೊಟ್ಟಿ ಇಷ್ಟಿತ್ತು" ಅಂದೆ. ಆಮೇಲೆ ಅವಳ ಸೊಂಟದ ಸಂಚಿ ತೋರಿಸಿದೆ. "ಈಗ ಇಷ್ಟೈತಿ. ಈ ಸಂಚಿಗೆ ಒಂದು ಸೇರು ಅಡಿಕಿ ತುರುಕ್ತಿಯೇನು ನೀನು?"

ಅಕ್ಕ ಸಂಚಿ ಬಿಚ್ಚಿದಳು. ಎಲೆ, ಅಡಿಕೆ, ಸುಣ್ಣದ ಡಬ್ಬಿ ಎಲ್ಲವನ್ನೂ ನೆಲಕ್ಕೆ ಸುರಿದಳು. ಖಾಲಿ ಸಂಚಿಯೊಳಗೆ ಮುಷ್ಟಿ ಇಟ್ಟು ನೋಡಿದಳು. ಎದ್ದು ಅಡುಗೆಮನೆಗೆ ಹೋಗಿ ಒಂದೊಂದೇ ಬಟ್ಟಲು ತಂದು ಸಂಚಿಯೊಳಗೆ ಇಟ್ಟು ನೋಡಿದಳು. ಯಾವುದೂ ಒಳಗೆ ಹಿಡಿಯಲಿಲ್ಲ. ಕೊನೆಗೆ ತುಪ್ಪ ಹಾಕಿಡುವ ಹಿತ್ತಾಳೆಯ ಸಣ್ಣ ಬಟ್ಟಲು ಒಳಗೆ ಇಳಿಯಿತು.

"ಇಷ್ಟೇನಾ?" ಎಂದಳು.

"ಇಷ್ಟೇ. ದಿನಕ್ಕ ಆರು ಸಲ."

"ಆರು ಸಲ ಅಂತೂ ಐತಲ್ಲಾ" ಎಂದಳು. ಆ ಆರರಲ್ಲಿ ಅವಳಿಗೆ ಸ್ವಲ್ಪ ಜೀವ ಬಂದಂತಾಯಿತು. ಒಂದು ಹೊತ್ತಿಗೆ ಎಂಟು ರೊಟ್ಟಿ ಬಡಿಸುವ ಸುಖ ಹೋದರೂ ಆರು ಸಲ ಬಡಿಸುವ ಸುಖ ಉಳಿಯಿತಲ್ಲ.

ಮರುದಿನದಿಂದ ನನ್ನ ಊಟ ಬಸ್ಸಿನ ರೂಟಿನ ಮೇಲೆ ಹಂಚಿಹೋಯಿತು. ಮನೆಯಲ್ಲಿ ಗಂಜಿ, ಕೊಟ್ಟೂರಿನಲ್ಲಿ ಹಾಲಿನಲ್ಲಿ ನೆನೆಸಿದ ರೊಟ್ಟಿ ಚೂರು, ಕೂಡ್ಲಿಗಿಯಲ್ಲಿ ಬೇಯಿಸಿದ ಮೊಟ್ಟೆ, ಬೊಮ್ಮನಹಳ್ಳಿಯಲ್ಲಿ ಬೇಳೆ ಕಟ್ಟು, ಹಡಗಲಿಯಲ್ಲಿ ಮೊಸರನ್ನ, ತಿರುಗಿ ಮನೆಗೆ ಬಂದು ಅಂಬಲಿ. ಎಲ್ಲ ಹಿತ್ತಾಳೆ ಬಟ್ಟಲಿನ ಅಳತೆ. ಅಕ್ಕ ನಾಲ್ಕು ಸಣ್ಣ ಡಬ್ಬಿ ಕಟ್ಟಿ, ಯಾವುದು ಯಾವ ಊರಿನದೆಂದು ಗುರುತಿಗೆ ಬೇರೆ ಬೇರೆ ಬಣ್ಣದ ದಾರ ಸುತ್ತುತ್ತಿದ್ದಳು.

ಆದರೆ ಹೊಟ್ಟೆ ಚಿಕ್ಕದಾಯಿತೇ ಹೊರತು ಆಸೆಗೆ ಯಾವ ಡಾಕ್ಟರೂ ಕತ್ತರಿ ಹಾಕಿರಲಿಲ್ಲ. ಕೊಟ್ಟೂರಿನ ಮಂಡಕ್ಕಿ, ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿಯ ವಾಸನೆ ಬಸ್ಸಿನ ಕಿಟಕಿಯಿಂದ ಒಳಗೆ ಬಂದರೆ ಕೈ ತಾನಾಗಿ ಬಾಗಿಲಿನ ಚಿಲಕಕ್ಕೆ ಹೋಗುತ್ತಿತ್ತು. ಡಬ್ಬಿಯ ಊಟ ಒಂದು ನಿಮಿಷದಲ್ಲಿ ಗುಳುಂ. ಆಮೇಲೆ ಹೊಟ್ಟೆ ಬಿರಿಯುವ ನೋವು, ಬಾಯಲ್ಲಿ ಮಾತ್ರ ಇನ್ನೂ ಬೇಕೆಂಬ ಚಪಲ. ಎರಡು ಸಲ ಕೂಡ್ಲಿಗಿಯಲ್ಲಿ ಗೋಡೆಯ ಹಿಂದೆ ಹೋಗಿ ಕಾರಿಕೊಂಡು ಬಂದೆ. ಹಸನ್ ಸಾಬ್ ಇದನ್ನೆಲ್ಲ ನೋಡುತ್ತಿದ್ದರು. ಒಂದು ದಿನ ಡಬ್ಬಿಯ ಮೇಲೆ ಕೈ ಇಟ್ಟರು.

"ನೋಡಪಾ, ರಂಜಾನ್ದಾಗ ದಿನಾ ಉಪಾಸ ಇರ್ತೀವಿ. ಸಂಜಿಗೆ ಉಪಾಸ ಬಿಡಬೇಕಾದ್ರ ಒಂದು ಕೊಡ ನೀರು, ಒಂದು ಹಂಡೆ ಅನ್ನ ಬೇಕು ಅನಸ್ತೈತಿ. ಏನ್ ಮಾಡ್ತೀವಿ? ಒಂದು ಖರ್ಜೂರ, ನಾಲ್ಕು ಗುಟುಕು ನೀರು. ಎದ್ದು ನಮಾಜಿಗೆ ಹೋಗ್ತೀವಿ. ತಿರುಗಿ ಬರೂದ್ರಾಗ ಹಂಡೆ ಸಣ್ಣದಾಗಿರ್ತೈತಿ. ಬಾಯಿಂದ ಹೊಟ್ಟಿಗೆ ಸುದ್ದಿ ಮುಟ್ಟಾಕ ಹೊತ್ತು ಬೇಕು. ನೀ ಸುದ್ದಿ ಮುಟ್ಟೂಕಿಂತ ಮೊದ್ಲ ಡಬ್ಬಿ ಖಾಲಿ ಮಾಡ್ತಿ."

"ನನಗ ಖರ್ಜೂರ ಆಗಂಗಿಲ್ಲ ಸಾಬ್ರ, ಸಿಹಿ."

"ಖರ್ಜೂರ ಬಿಡು. ಎದ್ದು ಹೋಗೋದು ಕಲಿ."

ಕಲಿತೆ. ಸುಲಭವಾಗಿ ಅಲ್ಲ. ಎರಡು ತುತ್ತು ಉಂಡು, ಡಬ್ಬಿ ಮುಚ್ಚಿ, ಬಸ್ಸಿನ ಸುತ್ತ ಒಂದು ಸುತ್ತು ಹೊಡೆದು, ಟೈರು ಮುಟ್ಟಿ ನೋಡಿ, ಬಂದು ಮತ್ತೆ ಎರಡು ತುತ್ತು. ಮೊದಲ ವಾರ ಟೈರುಗಳಿಗೆ ನಾನು ಬೈದಷ್ಟು ಯಾರೂ ಬೈದಿರಲಿಕ್ಕಿಲ್ಲ. ಕೊಟ್ಟೂರಿನಲ್ಲಿ ಮೆಣಸಿನಕಾಯಿ ಅಂಗಡಿಯ ಕಡೆಗೆ ಬೆನ್ನು ಹಾಕಿ ನಿಲ್ಲುತ್ತಿದ್ದೆ. ಕೆಲವು ದಿನ ಸೋತೆ. ಸೋತ ಮರುದಿನ ಮತ್ತೆ ಎರಡೇ ತುತ್ತಿನಿಂದ ಶುರು ಮಾಡಿದೆ. ಬಸ್ಸಿನಲ್ಲಿ ಮಾತ್ರ ಮತ್ತೆ ಬೀಳಲಿಲ್ಲ.

ಹೀಗೆ ಎರಡು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ, ಹಡಗಲಿ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಮೊಸರನ್ನ ಉಣ್ಣುತ್ತಿದ್ದೆ. ಆರನೇ ತುತ್ತು ನುಂಗಿದೆ. ಒಳಗೆ ಏನೋ ಸಡಿಲವಾಯಿತು. ನೋವಲ್ಲ, ಭಾರವಲ್ಲ. ಒಂದು ಸಣ್ಣ ನಿಟ್ಟುಸಿರು ತಾನಾಗಿ ಬಂತು, ಕೈ ತಾನಾಗಿ ನಿಂತಿತು. ಡಬ್ಬಿಯಲ್ಲಿ ಇನ್ನೂ ಎರಡು ತುತ್ತು ಅನ್ನ ಇತ್ತು. ಬಿಳಿಯ ಅನ್ನ, ಕರಿಬೇವು, ಒಗ್ಗರಣೆಯ ಸಾಸಿವೆ ಎಲ್ಲ ಚಂದ ಕಾಣುತ್ತಿದ್ದವು. ಬೇಕು ಅನ್ನಿಸಲಿಲ್ಲ.

ಹೀಗಿರುತ್ತದೆಯೇ ಅದು ಎಂದು ಕೂತೇ ಇದ್ದೆ. ಕಣ್ಣಲ್ಲಿ ನೀರು ಬಂತು. ಹಸನ್ ಸಾಬ್ ಮೂರು ಸಲ ಹಾರ್ನ್ ಹೊಡೆದ ಮೇಲೆ ಎದ್ದೆ.

ಆ ಎರಡು ತುತ್ತನ್ನು ಚೆಲ್ಲದೆ ಮನೆಗೆ ತಂದು ಅಕ್ಕನಿಗೆ ತೋರಿಸಿದೆ. "ಇದು ಖರೇ ಸಾಕು ಅಕ್ಕಾ" ಅಂದೆ. ಅವಳು ಡಬ್ಬಿ ನೋಡಿದಳು, ನನ್ನ ಮುಖ ನೋಡಿದಳು. ಆ ಅನ್ನವನ್ನು ತಾನೇ ಉಂಡಳು.

ಮಾಗಳದಲ್ಲಿ ನಾಗಲಿಂಗಮ್ಮನಿಗೆ ಹೆಣ್ಣು ಮಗು ಆಗಿತ್ತು. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ನಾನೂ ಅಕ್ಕನೂ ಹೋದೆವು. ಮಗಳ ಮುಷ್ಟಿ ನೋಡಿದೆ, ನನ್ನ ಹೊಟ್ಟೆಗಿಂತ ಸ್ವಲ್ಪ ಚಿಕ್ಕದಿತ್ತು. ಪಂಕ್ತಿ ಕೂತಾಗ ಅತ್ತೆ ದಾಕ್ಷಾಯಣಮ್ಮನವರೇ ಅಳಿಯನ ಎಲೆಗೆ ಬಡಿಸಲು ಬಂದರು. ಅನ್ನ ಸಾರು ನಾಲ್ಕು ತುತ್ತು ನಿಧಾನವಾಗಿ ಉಂಡಿದ್ದೆ. ಅವರು ಹೋಳಿಗೆಯ ಬುಟ್ಟಿ ಹಿಡಿದು ಬಾಗಿದರು.

"ಸಾಕ್ರಿ" ಅಂದೆ. ಮೊದಲ ಸಾಕು. ಅವರು ಪಾಪ ಪದ್ಧತಿಯಂತೆ ಕಿವಿಗೇ ಹಾಕಿಕೊಳ್ಳಲಿಲ್ಲ. ಬಿಸಿ ಹೋಳಿಗೆ ಬುಟ್ಟಿಯಿಂದ ಇಳಿಯಿತು.

ಅದು ನನ್ನ ಎಲೆಗೆ ಬೀಳಲಿಲ್ಲ. ಹಿಂದೆ ನಿಂತಿದ್ದ ಅಕ್ಕ ಯಾವಾಗ ಬಗ್ಗಿದಳೋ, ಅವಳ ಕೈ ನನ್ನ ಎಲೆಯ ಮೇಲೆ ಅಡ್ಡ ಇತ್ತು. ಹೋಳಿಗೆ ಆ ಕೈಯ ಮೇಲೆ ಬಿತ್ತು, ತುಪ್ಪ ಮೊಣಕೈವರೆಗೂ ಹರಿಯಿತು.

"ಅವನ ಸಂಚಿ ತುಂಬೈತ್ರಿ ಬೀಗ್ತಿ" ಎಂದಳು. "ನಮ್ಮ ತಮ್ಮನ ಮೊದಲ್ನೇ ಸಾಕು ಖರೇ ಇರತೈತಿ."

ಪಂಕ್ತಿಯಲ್ಲಿ ನಗೆ ಎದ್ದಿತು. ಹುಲುಗಮ್ಮ ಬಡಿಸುವವರ ಕೈ ತಡೆದಳಂತೆ ಎಂದು ಆ ಮಾತು ಮುಂದೆ ಎಷ್ಟೋ ದಿನ ಐದೂ ಊರಲ್ಲಿ ತಿರುಗಿತು. ನಾನು ನಗಲಾರದೆ ತಲೆ ತಗ್ಗಿಸಿ ಕೂತೆ.

ಹೆಣ್ಣುಮಕ್ಕಳ ಪಂಕ್ತಿ ಕೂತಾಗ ಹೋಳಿಗೆಯ ಬುಟ್ಟಿಯನ್ನು ಅತ್ತೆಯ ಕೈಯಿಂದ ನಾನೇ ಇಸಿದುಕೊಂಡೆ. ನೇರ ಅಕ್ಕನ ಮುಂದೆ ಹೋಗಿ ನಿಂತೆ. ಅವಳ ಎಲೆಯಲ್ಲಿದ್ದ ಒಂದು ಹೋಳಿಗೆ ಆಗಲೇ ಮುಗಿದಿತ್ತು.

"ನನಗ ಸಾಕು" ಎಂದಳು.

"ನಿನ್ನ ಸಾಕು ನಾ ನಂಬಂಗಿಲ್ಲಕ್ಕಾ" ಅಂದು ಒಂದು ಹಾಕಿದೆ. ಉಂಡಳು. ಮತ್ತೆ ಸಾಕು ಎಂದಳು, ಎರಡೂ ಕೈ ಅಡ್ಡ ತಂದಳು. ಕೈ ಪಕ್ಕಕ್ಕೆ ಸರಿಸಿ ಇನ್ನೊಂದು ಹಾಕಿದೆ. ತಲೆ ಎತ್ತಿ ನನ್ನನ್ನು ನೋಡಿದಳು. ಅವಳ ಕಣ್ಣು ತುಂಬಿತ್ತು. ಮೂರನೆಯದನ್ನು ಅವಸರವಿಲ್ಲದೆ, ತುಪ್ಪದಲ್ಲಿ ಅದ್ದಿ ಅದ್ದಿ, ಯಾರಿಗೂ ಉಳಿಸದೆ ಉಂಡಳು.

ನಾಲ್ಕನೆಯದಕ್ಕೆ ಬಾಗಿದೆ.

"ಸಾಕಪಾ" ಎಂದಳು. ಈ ಸಲ ಅವಳ ಕೈ ಎಲೆಯ ಮೇಲೆ ಬರಲಿಲ್ಲ. ಹೊಟ್ಟೆಯ ಮೇಲಿತ್ತು.

ನಾನು ನಂಬಿದೆ.