ತೆಳು ಎಣ್ಣೆಯ ಮೇಲಿನ ದೂರು

ಬೆಳಗಿನ ಐದು ಗಂಟೆಗೆ, ಬಸ್ ಡಿಪೋದ ಶೆಡ್ಡಿನೊಳಗೆ ಚಳಿಯ ಬಿಳಿ ಮಂಜು ಇನ್ನೂ ಮಗ್ಗುಲು ಬದಲಿಸದೆ ಮಲಗಿರುವಾಗ, ಮಂದಣ್ಣ ಇಪ್ಪತ್ತೇಳನೇ ನಂಬರಿನ ಬಸ್ಸಿನಿಂದ ಅಳತೆಕಡ್ಡಿ ಎಳೆದು, ಅದರ ತುದಿಗೆ ಜೋತುಬಿದ್ದ ಎಂಜಿನ್ ಎಣ್ಣೆಯ ತೊಟ್ಟೊಂದನ್ನು ಬಿಳಿಯ ಹೀರುಕಾಗದದ ಮೇಲೆ ಇಳಿಸುತ್ತಾರೆ. ಕಡ್ಡಿಯಲ್ಲಿ ಉಳಿದದ್ದನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹೊಸೆಯುತ್ತ ಕಣ್ಣು ಮುಚ್ಚುತ್ತಾರೆ. ಆ ಹೊತ್ತಿನಲ್ಲಿ ಯಾರೂ ಅವರನ್ನು ಮಾತನಾಡಿಸುವುದಿಲ್ಲ. ದೂರದಲ್ಲಿ ಯಾರೋ ಹಾಡುತ್ತಿರುವುದನ್ನು ಕೇಳಿಸಿಕೊಳ್ಳುವವರ ಮುಖ ಅದು.

ಅವರ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಎಣ್ಣೆ ಮಂದವಾಗಿರಬೇಕು ಎಂಬ ಒಂದೇ ಮಾತನ್ನು ಇಪ್ಪತ್ತಾರು ವರ್ಷ ಹೇಳಿದ್ದಕ್ಕೆ ಡಿಪೋ ಕೊಟ್ಟ ಹೆಸರು ಮಂದಣ್ಣ. ನಡಿಗೆಯೂ ಹಾಗೆಯೇ, ನೆಲ ಜಾರುತ್ತದೋ ಇಲ್ಲವೋ ಎಂದು ಪ್ರತಿ ಹೆಜ್ಜೆಗೂ ಒಮ್ಮೆ ವಿಚಾರಿಸಿಕೊಳ್ಳುವ ನಡಿಗೆ. ಒಂದು ಕಾಲಕ್ಕೆ ನೀಲಿಯಾಗಿದ್ದ ಕೋಟಿನ ಎಡಜೇಬಿನಲ್ಲಿ ಕೊಳಕು ಬಟ್ಟೆ, ಬಲಜೇಬಿನಲ್ಲಿ ಒಗೆದ ಬಟ್ಟೆ. ಒಂದಕ್ಕೊಂದು ಎಂದೂ ಅದಲುಬದಲಾಗಿಲ್ಲ. ಕ್ಯಾಂಟೀನಿನವನು ದಿನವೂ ಲೋಟ ಮುಂದಿಡುತ್ತ, "ತಗೊಳ್ಳಿ ಮಂದಣ್ಣ, ಗೇರ್‌ಬಾಕ್ಸಿಗೆ ಹಾಕೋ ಹದಕ್ಕೆ ಕುದಿಸಿದೀನಿ," ಎನ್ನುತ್ತಾನೆ. ಇವರು ನಗದೆ ಕುಡಿಯುತ್ತಾರೆ.

"ತೆಳು ಎಣ್ಣೆ ಬಾಡಿಗೆಗೆ ಬಂದವನ ಹಾಗೆ. ಕಷ್ಟ ಬಂದ ದಿನ ಮೊದಲು ಜಾಗ ಬಿಡೋದೇ ಅದು," ಎಂಬುದು ಅವರ ಸಿದ್ಧಾಂತ. ಅದನ್ನು ಯಾರೂ ಪ್ರಶ್ನಿಸಿರಲಿಲ್ಲ, ಮ್ಯಾನೇಜರು ಫಲಕಕ್ಕೆ ಆ ಚೀಟಿ ಅಂಟಿಸುವವರೆಗೆ. ಲೀಟರ್ ಡೀಸೆಲ್ಲಿಗೆ ನಾಲ್ಕು ಪಾಯಿಂಟ್ ಎರಡು ಕಿಲೋಮೀಟರ್ ಓಡದ ಬಸ್ಸುಗಳು ಎರಡು ತಿಂಗಳ ನಂತರ ನಿಲ್ಲುತ್ತವೆ ಎಂದು ಅದರಲ್ಲಿ ಬರೆದಿತ್ತು. ಇಪ್ಪತ್ತೇಳು ಕೊಡುತ್ತಿದ್ದದ್ದು ನಾಲ್ಕು ಪಾಯಿಂಟ್ ಒಂದು. ಗುಡ್ಡದ ಮೇಲಿನ ಬಡಾವಣೆಗೆ ಹತ್ತುವ ಬಸ್ಸು ಅದೊಂದೇ. ಅದು ನಿಂತರೆ ಕೆಳಗಿನ ಆಸ್ಪತ್ರೆಗೂ ಶಾಲೆಗೂ ಬರುವವರಿಗೆ ಉಳಿಯುವುದು ಏಳು ಕಿಲೋಮೀಟರ್ ಕಾಲುದಾರಿ.

ಆ ಬಸ್ಸನ್ನು ಓಡಿಸುವವಳು ಮಂದಣ್ಣನ ಮಗಳು. ಡಿಪೋದಲ್ಲಿ ಅಪ್ಪನನ್ನು 'ಮೇಸ್ತ್ರಿ' ಎಂದೇ ಕರೆಯುವ ಹುಡುಗಿ ಅಂದು ಎಲ್ಲರೆದುರು ನಿಯಮ ಮುರಿದಳು.

"ಅಪ್ಪ, ಬೆಳಗ್ಗೆ ಹೊತ್ತು ಎರಡನೇ ಗೇರ್ ಬೀಳ್ಬೇಕಾದ್ರೆ ನೀರಿನ ಟ್ಯಾಂಕ್ ದಾಟ್ಬೇಕು. ಅಷ್ಟರಲ್ಲಿ ನನ್ನ ಭುಜ ಕಳಚಿ ಕೈಗೆ ಬಂದಿರುತ್ತೆ. ಅದರೊಳಗೆ ಎಣ್ಣೆ ಹಾಕಿದೀಯೋ, ಅಂಟು ಹಾಕಿದೀಯೋ?"

"ಆ ಅಂಟೇ ಕಣೇ ನಿನ್ನ ಗಾಡಿ ಕಾಪಾಡ್ತಿರೋದು."

"ಗಾಡೀನೇ ಇರಲ್ಲ ಅಂದ್ಮೇಲೆ ಏನನ್ನ ಕಾಪಾಡುತ್ತೆ? ಓದು ಇದನ್ನ."

ಅವಳು ಡ್ರೈವರ್ ಸೀಟಿನ ಕೆಳಗಿಂದ ತೆಗೆದ ಕಂಪನಿಯ ಕೈಪಿಡಿಗೆ ಆರು ವರ್ಷವಾಗಿತ್ತು, ಆದರೆ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಅದರಲ್ಲಿ ಹೇಳಿದ್ದ ಎಣ್ಣೆಗಳು ಮಂದಣ್ಣ ಹಾಕುತ್ತಿದ್ದವಕ್ಕಿಂತ ಎರಡು ಮೆಟ್ಟಿಲು ತೆಳು. ಎರಡು ದಿನ ಅಪ್ಪ ಮಗಳ ನಡುವೆ ಮಾತಿರಲಿಲ್ಲ.

ಅವರ ಹಟಕ್ಕೆ ಒಂದು ಹುಟ್ಟುದಿನವಿತ್ತು. ಇಪ್ಪತ್ತಾರು ವರ್ಷಗಳ ಹಿಂದೆ, ಅದೇ ಗುಡ್ಡದ ಏರಿನಲ್ಲಿ, ಒಂದು ಬಸ್ಸಿನ ಎಂಜಿನ್ ಬಿಗಿದು ನಿಂತಿತು. ಅಡಿಯ ಬಿರಡೆ ತೆಗೆದಾಗ ಎಣ್ಣೆ ನೀರಿನಂತೆ ಸುರಿಯಿತು. ಆ ವಾರವಷ್ಟೇ ಸ್ಟೋರಿನಿಂದ ತೆಳು ಎಣ್ಣೆಯ ಹೊಸ ಪೀಪಾಯಿ ಬಂದಿತ್ತು. ವಿಚಾರಣೆಯಲ್ಲಿ ಮಂದಣ್ಣ ಆ ಪೀಪಾಯಿಯನ್ನು ತೋರಿಸಿದರು. "ಎಣ್ಣೆ ಸರಿಯಾದದ್ದೇ ಕೊಟ್ಟಿದೀನಿ," ಎಂದಷ್ಟೇ ಹೇಳಿದ ಸ್ಟೋರ್‌ಕೀಪರನ್ನು ಮೇಲಧಿಕಾರಿಗಳು ಹಳೆಯ ಟಯರುಗಳ ಅಂಗಳಕ್ಕೆ ಹಾಕಿದರು. ನಿವೃತ್ತಿಯೂ ಆತನಿಗೆ ಅಲ್ಲಿಂದಲೇ ಆಯಿತು. ಈಗ ಆತ ಇರುವುದು ಗುಡ್ಡದ ಮೇಲೆ, ಕೊನೆಯ ನಿಲ್ದಾಣದ ಪಕ್ಕದ ಹಸಿರು ಬಾಗಿಲಿನ ಮನೆಯಲ್ಲಿ. ಪ್ರತಿದಿನ ಅಲ್ಲಿಗೆ ಬಸ್ಸು ಕಳಿಸುವ ಮಂದಣ್ಣ ತಾವು ಮಾತ್ರ ಒಮ್ಮೆಯೂ ಹತ್ತಿ ಹೋಗಿಲ್ಲ.

ಮೂರನೆಯ ಬೆಳಿಗ್ಗೆ ಅವರು ಯಾರೂ ಬರುವ ಮೊದಲೇ ಬಂದರು. ಎರಡು ಆಲಿಕೆಗಳನ್ನು ಅಕ್ಕಪಕ್ಕ ನಿಲ್ಲಿಸಿ, ಒಂದರಲ್ಲಿ ತಮ್ಮ ಗೇರ್ ಎಣ್ಣೆ, ಇನ್ನೊಂದರಲ್ಲಿ ಕೈಪಿಡಿ ಹೇಳಿದ್ದನ್ನು ಸುರಿದರು. ಚಳಿ ಚೆನ್ನಾಗಿತ್ತು. ತೆಳುವಾದದ್ದು ಹೊಂಬಣ್ಣದ ನೂಲಾಗಿ ಇಳಿದು ಮುಗಿಯಿತು. ಮಂದವಾದದ್ದು ಆಲಿಕೆಯ ಕೊರಳಲ್ಲಿ, ನಿದ್ದೆಯಿಂದ ಎಬ್ಬಿಸಿಕೊಂಡವನಂತೆ, ಏಕೆ ಹೋಗಬೇಕು ಎಂದು ಯೋಚಿಸುತ್ತ ಕುಳಿತಿತ್ತು. ಅದರ ಹೊಳಪಿನಲ್ಲಿ ಶೆಡ್ಡಿನ ದೀಪ, ದೀಪದ ಸುತ್ತ ಮಂಜು, ಮಂಜಿನಲ್ಲಿ ಅವರ ಮುಖ ಎಲ್ಲವೂ ನಿಧಾನವಾಗಿ ಕೆಳಗಿಳಿಯುತ್ತಿದ್ದವು. ಬಸ್ಸು ಗುಡ್ಡ ಹತ್ತುವ ಮೊದಲು ಈ ಸೋಮಾರಿಯನ್ನು ಹೊತ್ತು ಕಲಕಬೇಕು. ಕಲಕುವುದಕ್ಕೆ ಖರ್ಚಾಗುವುದೂ ಡೀಸೆಲ್ಲೇ.

ಹಾಗಾದರೆ ಅಂದು ಆ ಎಂಜಿನ್ ಬಿಗಿದದ್ದು ಏಕೆ?

ಮಂದಣ್ಣ ಹೀರುಕಾಗದಗಳನ್ನು ಎಸೆದವರಲ್ಲ. ಬೀರುವಿನ ತಳದ ತಗಡಿನ ಡಬ್ಬಿಯಲ್ಲಿ ಆ ದಿನದ ಕಾಗದವೂ ಇತ್ತು. ಆಗ ಅವರಿಗೆ ತೊಟ್ಟಿನ ನಡುವಿನ ಕಪ್ಪನ್ನು ಓದುವುದಷ್ಟೇ ಗೊತ್ತಿತ್ತು. ಅಂಚು ಓದುವುದನ್ನು ಕಲಿತದ್ದು ಆಮೇಲೆ. ಕಿಟಕಿಯ ಬೆಳಕಿಗೆ ಹಿಡಿದರು. ಕಪ್ಪು ಚುಕ್ಕೆಯ ಸುತ್ತ, ಚಂದ್ರನಿಗೆ ಕಟ್ಟುವ ಬೆಳಕಿನ ಗುಡಿಯ ಹಾಗೆ, ಅಗಲವಾದ ತಿಳಿಹಳದಿ ಉಂಗುರವಿತ್ತು. ಎಣ್ಣೆಗೆ ಡೀಸೆಲ್ ಸೋರಿ ಬೆರೆತಾಗ ಮಾತ್ರ ಮೂಡುವ ಉಂಗುರ ಅದು. ಎಣ್ಣೆ ನೀರಾದದ್ದು ಅದರಿಂದ. ಬಸ್ಸು ನಿಲ್ಲುವ ಹಿಂದಿನ ದಿನ ಎಂಜಿನ್ನಿನ ಡೀಸೆಲ್ ಪಂಪು ಸೋರದಂತೆ ಸೀಲು ಕೂರಿಸಿದವರು ಮಂದಣ್ಣನೇ.

ಮಗಳು ಬಂದಾಗ ಅವರು ಕಾಗದವನ್ನು ಅವಳ ಕೈಗಿಟ್ಟು ಎಲ್ಲವನ್ನೂ ಹೇಳಿದರು. ಅವಳು ಅದನ್ನು ಬೆಳಕಿಗೆ ಹಿಡಿದು ಉಂಗುರದ ಅಂಚಿಗೆ ಬೆರಳಿಟ್ಟಳು.

"ಹಸಿರು ಬಾಗಿಲಿನವರಿಗೆ ಗೊತ್ತಾ?"

"ಅವರ ಎಣ್ಣೇದು ತಪ್ಪಿಲ್ಲ ಅಂತ ಗೊತ್ತು. ನಂದು ತಪ್ಪು ಅಂತ ಗೊತ್ತಿಲ್ಲ."

"ಹೇಳ್ತೀಯಾ?"

"ಮೊದಲು ಗಾಡಿ ಕೆಲಸ ಆಗ್ಲಿ," ಎಂದು ಅವರು ಬಸ್ಸಿನ ಕೆಳಗೆ ನುಗ್ಗಿದರು.

ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಕೈಪಿಡಿಯ ಎಣ್ಣೆ ಬಿತ್ತು. ಹಾಗೆಂದು ಮಂದಣ್ಣ ಮತಾಂತರಗೊಂಡವರ ಉತ್ಸಾಹಕ್ಕೆ ಬೀಳಲಿಲ್ಲ. ಅಂಗಳದ ಮೂಲೆಯ ಹಳೆಯ ಬಸ್ಸಿನ ಕೈಪಿಡಿ ಮಂದ ಎಣ್ಣೆಯನ್ನೇ ಕೇಳುತ್ತಿತ್ತು, ಅದಕ್ಕೆ ಅದನ್ನೇ ಉಳಿಸಿದರು. ಮರುದಿನ ಮಗಳು ಹಿಂತಿರುಗಿ ಎಡಭುಜ ತಿರುಗಿಸಿ ತೋರಿಸಿದಳು. "ಡಿಪೋ ಗೇಟಲ್ಲೇ ಬಿತ್ತು ಮೇಸ್ತ್ರಿ, ಎರಡನೇ ಗೇರು." ತಿಂಗಳ ಕೊನೆಗೆ ಫಲಕದಲ್ಲಿ ಇಪ್ಪತ್ತೇಳರ ಎದುರು ಮ್ಯಾನೇಜರು ಸೀಮೆಸುಣ್ಣದಲ್ಲಿ ನಾಲ್ಕು ಪಾಯಿಂಟ್ ಎರಡು ಎಂದು ಬರೆದರು. ಸರಿಯಾಗಿ ಅಷ್ಟೇ, ಕೂದಲೆಳೆ ಹೆಚ್ಚಿಲ್ಲ. ಬಸ್ಸು ಉಳಿಯಿತು.

ಕೈಕೆಲಸದವರಲ್ಲಿ ಇಂಥವರದೊಂದು ಬಗೆಯಿದೆ. ಒಂದು ದಿನದ ಹೆದರಿಕೆಯನ್ನು ಆಯುಷ್ಯದ ನಿಯಮ ಮಾಡಿಕೊಂಡು ಅದನ್ನೇ ಅನುಭವ ಎಂದು ಕರೆಯುತ್ತಾರೆ. ಸುಳ್ಳರಲ್ಲ. ತಮ್ಮ ವಿರುದ್ಧದ ಸಾಕ್ಷಿಯನ್ನು ತಾವೇ ಜೋಪಾನ ಮಾಡಿ, ಅದನ್ನು ಓದಲು ಬರುವಷ್ಟು ದೊಡ್ಡವರಾಗುವವರೆಗೆ ಬದುಕುತ್ತಾರೆ.

ಬರುವ ಭಾನುವಾರ ಮಂದಣ್ಣನಿಗೆ ರಜೆ. ಕೋಟಿನ ಒಳಜೇಬಿನಲ್ಲಿ ಆ ಕಾಗದವಿಟ್ಟುಕೊಂಡು, ಏಳೂವರೆಯ ಇಪ್ಪತ್ತೇಳರಲ್ಲಿ ಕೊನೆಯ ನಿಲ್ದಾಣಕ್ಕೆ ಟಿಕೆಟ್ ತೆಗೆಯುತ್ತಾರೆ.