ಶಾಲೆಯ ಹೆಸರು ಕೇಳಿ

ಕೊರೊನಾ ನಮ್ಮ ಗುಡ್ಡದ ಊರಿಗೆ ಬರುವ ಮೊದಲೇ ಶಾಲೆಗೆ ಬೀಗ ಬಿತ್ತು. ಪಾಠ ರೇಡಿಯೋದಲ್ಲಿ ಬರುತ್ತದೆ ಎಂದರು. ನಮ್ಮೂರ ಬೆನಿತಾ ರೇಡಿಯೋಗೆ ಬ್ಯಾಟರಿ ತರಬೇಕೋ, ಅಡುಗೆಗೆ ಉಪ್ಪು ತರಬೇಕೋ? ಉಪ್ಪೇ ಬಂತು. ಗಂಡ ರಾಜಧಾನಿ ಲಿಮಾದಲ್ಲಿ ಗಾರೆ ಕೆಲಸ ಕಳೆದುಕೊಂಡು, ದಿನಗಟ್ಟಲೆ ನಡೆದು ಮನೆ ಸೇರಿದ. ಹದಿಮೂರರ ಮಗಳು ನಿಲ್ಡಾ ಪುಸ್ತಕ ಬಿಟ್ಟು ಕುರಿಗಳ ಹಿಂದೆ ಹೋದಳು.

ಶಾಲೆ ಮತ್ತೆ ತೆರೆದಾಗ ಅವಳಿಗೆ ಹದಿನೈದು. ಅದೇ ವಾರ ಲಿಮಾದಿಂದ ಎಲ್ವಿರಾಳ ಫೋನ್ ಬಂತು. ಚರ್ಚಿನಲ್ಲಿ ಜ್ಞಾನಸ್ನಾನದ ದಿನ ಕೂಸು ನಿಲ್ಡಾಳನ್ನು ಎತ್ತಿಕೊಂಡು, ಎರಡನೇ ತಾಯಿಯಂತೆ ನೋಡಿಕೊಳ್ಳುತ್ತೇನೆಂದು ಮಾತು ಕೊಟ್ಟ ಧರ್ಮತಾಯಿ ಅವಳು. ಹುಡುಗಿಯನ್ನು ಕಳಿಸು, ನಾನು ಓದಿಸುತ್ತೇನೆ ಎಂದಳು. ಧರ್ಮತಾಯಿಯ ಮಾತಿಗೆ ಇಲ್ಲ ಎನ್ನುವವರು ನಮ್ಮಲ್ಲಿ ಯಾರಿದ್ದಾರೆ? ಒಂದು ಹೊಟ್ಟೆಯಾದರೂ ಕಡಿಮೆಯಾಗಲಿ ಎಂದ ಗಂಡ. ಬೆನಿತಾ ಶನಿವಾರದ ಬಸ್ಸಿಗೆ ಮಗಳ ಬಟ್ಟೆಯ ಗಂಟು ಕಟ್ಟಿದಳು.

ಸುದ್ದಿ ಕೇಳಿ ಪಕ್ಕದ ಮನೆಯ ಸಾತುರ್ನಿನಾ ಓಡಿ ಬಂದಳು. ಅವಳ ತಂಗಿಯೂ ಹೀಗೆಯೇ ಓದಲು ಹೋಗಿ, ಧರ್ಮತಾಯಿಯ ಮನೆಯ ಪಾತ್ರೆ ತೊಳೆಯುತ್ತಲೇ ದೊಡ್ಡವಳಾದಳು. ಇಲ್ಲಿಯ ಶಾಲೆಗೇ ಸೇರಿಸು, ವರ್ಷ ತಪ್ಪಿದವರನ್ನೂ ತೆಗೆದುಕೊಳ್ಳುತ್ತೇವೆ ಎಂದು ಮೇಷ್ಟ್ರೇ ಹೇಳಿದ್ದಾರೆ ಎಂದು ಸಾತುರ್ನಿನಾ ಬೆನಿತಾಗೆ ಹೇಳಿದಳು.

"ಇಷ್ಟುದ್ದ ಬೆಳೆದವಳು ಚಿಕ್ಕ ಮಕ್ಕಳ ಜೊತೆ ಕೂತ್ಕೊಂಡ್ರೆ ನಗಲ್ವಾ ಅಕ್ಕಾ? ಕುರಿ ಕಾಯೋರ್ಯಾರು? ಧರ್ಮತಾಯಿ ಸುಳ್ಳು ಹೇಳ್ತಾಳಾ?"

"ಸುಳ್ಳು ಅಂತ ನಾನೆಲ್ಲಿ ಅಂದೆ? ಯಾವ ಶಾಲೆಗೆ ಸೇರಿಸ್ತಾಳೆ, ಅದರ ಹೆಸರು ಕೇಳು. ಅಷ್ಟೇ."

ಬೆನಿತಾ ಎರಡನ್ನೂ ತೂಗಿ ನೋಡಿದಳು. ಕೇಳಿದರೆ ಸಂಬಂಧ ಕೆಡುತ್ತದೆ. ಕೇಳದಿದ್ದರೆ ಮಗಳ ಗತಿ? ಕೊನೆಗೆ ಶುಕ್ರವಾರ, ಸಿಗ್ನಲ್ ಸಿಗುವ ದಿಬ್ಬ ಹತ್ತಿ, ನಿಲ್ಡಾಳನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಸ್ಪೀಕರ್ ಹಾಕಿ ಎಲ್ವಿರಾಗೆ ಫೋನ್ ಮಾಡಿ, ಶಾಲೆಯ ಹೆಸರು ಕೇಳಿಯೇಬಿಟ್ಟಳು.

ಎಲ್ವಿರಾ ನಕ್ಕಳು. "ಮೊದ್ಲು ಬರ್ಲಿ ಕಣೇ. ನನ್ನ ಮೊಮ್ಮಗೂನ ನೋಡ್ಕೊಳ್ಳೋಕೆ ಯಾರೂ ಇಲ್ಲ. ಶಾಲೆ ಎಲ್ಲಿ ಓಡಿಹೋಗತ್ತೆ?"

ನಿಲ್ಡಾ ತಾಯಿಯ ಶಾಲು ಹಿಡಿದುಕೊಂಡಳು. ಬೆನಿತಾ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಅವಳು ಬರಲ್ಲ, ಎಲ್ವಿರಕ್ಕ," ಎಂದಳು.

ಕುರಿಯ ಚಿಂತೆಗೆ ನಮ್ಮ ಹಳೆಯ ಮುಯ್ಯಾಳಿನ ಪದ್ಧತಿಯೇ ದಾರಿಯಾಯಿತು. ಬೆನಿತಾಳ ಕುರಿಗಳು ಈಗ ಸಾತುರ್ನಿನಾಳ ಮಂದೆಯ ಜೊತೆ ಮೇಯುತ್ತವೆ. ಅದಕ್ಕೆ ಬದಲಾಗಿ ಬೆನಿತಾಳ ಗಂಡ ಅವಳ ಹೊಲದಲ್ಲಿ ಆಲೂಗಡ್ಡೆ ಅಗೆಯುತ್ತಾನೆ. ಸೋಮವಾರ ನಿಲ್ಡಾ ಚಿಕ್ಕವರ ನಡುವೆ ತಲೆ ತಗ್ಗಿಸಿ ಕುಳಿತಳು. ಮಕ್ಕಳು ನಕ್ಕಿದ್ದೂ ನಿಜ, ಎರಡು ದಿನಕ್ಕೆ ಮರೆತದ್ದೂ ನಿಜ. ಆದರೆ ಅವಳ ಗೆಳತಿ ರುಫಿನಾ ಬಂದಿಲ್ಲ. ಕೊರೊನಾ ಕಾಲದಲ್ಲೇ ಅವಳನ್ನು ಧರ್ಮತಾಯಿಯೊಬ್ಬಳು ಓದಿಸುತ್ತೇನೆಂದು ಕರೆದೊಯ್ದಳು. ಈಗ ರುಫಿನಾ ಫೋನಿಗೂ ಸಿಗುತ್ತಿಲ್ಲ.

ಅಮ್ಮಂದಿರೇ, ಅಪ್ಪಂದಿರೇ, ಕಾಯಿಲೆ ಇಳಿಯಿತೆಂದು ಮಕ್ಕಳ ಶಾಲೆ ತಾನಾಗಿ ಮರಳಿ ಬರುವುದಿಲ್ಲ. ವರ್ಷ ತಪ್ಪಿದ ಮಗುವಿನ ಕೈ ಹಿಡಿದು ನಾಳೆಯೇ ಮೇಷ್ಟ್ರ ಬಳಿ ಹೋಗಿ. ಓದಿಸುತ್ತೇನೆಂದು ಕರೆದವರು ಎಷ್ಟೇ ಹತ್ತಿರದವರಾಗಿರಲಿ, ಗಂಟು ಕಟ್ಟುವ ಮೊದಲು ಶಾಲೆಯ ಹೆಸರು ಕೇಳಿ. ರುಫಿನಾಳ ತಾಯಿ ಕೇಳಿರಲಿಲ್ಲ.